ತೊಗರಿ ಮುಗಿದ ಮೇಲೆ ಸಾಯುವ ಬ್ಯಾಟರಿ

ತೊಗರಿ ಹೂ ಬಿಡುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಪೇಟೆಯ ಕೃಷಿ ಸಾಮಾನಿನ ಅಂಗಡಿಗಳಲ್ಲಿ ಬ್ಯಾಟರಿ ಪಂಪಿನ ಬಗ್ಗೆ ಒಂದೇ ಬಗೆಯ ದೂರು ಕೇಳುತ್ತದೆ. “ಹೋದ ವರ್ಷನೇ ತಂದೀನ್ರಿ, ಈಗ ಎರಡು ಟಾಕಿ ಹೊಡಿಯೋದ್ರಾಗ ಬಂದ್ ಬೀಳ್ತದ.” ಅಂಗಡಿಯವರ ಉತ್ತರವೂ ಒಂದೇ: “ಬ್ಯಾಟರಿ ಹೋಗ್ಯಾದ, ಹೊಸಾದು ಹಾಕ್ರಿ.” ಕಾಯಿಕೊರಕ ಮೊಗ್ಗಿನಲ್ಲಿ ಕೂತಿರುವಾಗ ವಾದ ಮಾಡುತ್ತ ನಿಲ್ಲಲು ಯಾರಿಗೂ ಪುರಸೊತ್ತಿಲ್ಲ. ರೊಕ್ಕ ಎಣಿಸಿ, ಕಂಪನಿಗೆ ಒಂದಿಷ್ಟು ಬೈದು, ಹೊಸ ಬ್ಯಾಟರಿಯೊಂದಿಗೆ ರೈತ ಹೊಲಕ್ಕೆ ಮರಳುತ್ತಾನೆ.

ಆ ಬ್ಯಾಟರಿ ದುಡಿದು ಸತ್ತದ್ದಲ್ಲ. ಜನವರಿಯಲ್ಲಿ ರಾಶಿ ಮುಗಿದ ಮೇಲೆ ಮುಂದಿನ ಮಳೆಗಾಲದವರೆಗೆ ತಗಡಿನ ಶೆಡ್ಡಿನ ಮೂಲೆಯಲ್ಲಿ ಸುಮ್ಮನೆ ಬಿದ್ದಲ್ಲೇ ಸತ್ತದ್ದು.

ಇದೇ ಸೀಮೆಯ ಗುಂಡಗುರ್ತಿ ಸುತ್ತಿನ ಊರುಗಳಲ್ಲಿ ವೈರಿಲ್ಲದ ಸಾಧನಗಳು ಎರಡು ದಾರಿಯಿಂದ ಮನೆ ಹೊಕ್ಕಿವೆ. ಒಂದು ಹೊಲದ ದಾರಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಬೆಳೆಯ ಹಿಂದೆ ಬಿತ್ತಿದ ಒಂದೂವರೆ ತಿಂಗಳಿಗೆ ಕುಡಿ ಚಿವುಟುವ ಬ್ಯಾಟರಿ ಯಂತ್ರವಿದೆ, ಹೂವಿನ ಕಾಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಬ್ಯಾಟರಿ ಪಂಪ್ ಇದೆ. ಇನ್ನೊಂದು ಕಲ್ಲಿನ ದಾರಿ. ಶಹಾಬಾದ್, ವಾಡಿ, ಚಿತ್ತಾಪುರದ ಪರಸಿ ಕಲ್ಲು ಕತ್ತರಿಸುವವರು, ನೆಲಕ್ಕೆ ಹಾಸುವವರು, ಸಿಮೆಂಟ್ ಕಾರ್ಖಾನೆಗಳ ಸುತ್ತ ರಿಪೇರಿ ಗುತ್ತಿಗೆ ಹಿಡಿದವರು, ಬಾಗಿಲು ಕೂರಿಸುವ ಬಡಗಿಗಳು ಈಗ ಕಾರ್ಡ್‌ಲೆಸ್ ಡ್ರಿಲ್ಲು, ಗ್ರೈಂಡರುಗಳನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಾರೆ. ಅಣ್ಣ ಹೊಲದಲ್ಲಿ, ತಮ್ಮ ಕಲ್ಲಿನ ಕೆಲಸದಲ್ಲಿ ಇರುವ ಮನೆಯಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಕೂರುತ್ತವೆ. ತೊಡಕು ಶುರುವಾಗುವುದೂ ಅಲ್ಲಿಂದಲೇ. ಪಂಪಿನೊಳಗೆ ಸಾಮಾನ್ಯವಾಗಿ ಇರುವುದು ಸೀಸದ ಬ್ಯಾಟರಿ, ಡ್ರಿಲ್ಲಿನ ಹಿಡಿಯಲ್ಲಿರುವುದು ಲಿಥಿಯಂ. ಒಂದನ್ನು ಉಳಿಸುವ ಉಪಾಯ ಇನ್ನೊಂದನ್ನು ಕೊಲ್ಲುತ್ತದೆ.

ಸೀಸದ್ದು ಹಳೆಯ ತಲೆ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಟ್ಟಿದ ಲೆಕ್ಕಾಚಾರವೇ ಇವತ್ತಿನ 12 ವೋಲ್ಟಿನ ಪಂಪ್ ಬ್ಯಾಟರಿಯಲ್ಲೂ ನಡೆಯುತ್ತಿದೆ. ಸೀಸದ ತಟ್ಟೆ, ಸೀಸದ ಡೈಆಕ್ಸೈಡಿನ ತಟ್ಟೆ, ನಡುವೆ ಗಂಧಕಾಮ್ಲ. ಕರೆಂಟ್ ಬಳಸಿದಂತೆ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ನವಿರಾಗಿ ಕೂರುತ್ತದೆ. ಚಾರ್ಜಿಗೆ ಹಾಕಿದರೆ ಕರಗಿ ಮೊದಲಿನಂತಾಗುತ್ತದೆ. ಹಾಕದೆ ವಾರಗಟ್ಟಲೆ ಬಿಟ್ಟರೆ ಅದೇ ನವಿರು ಪುಡಿ ದಪ್ಪ ಹರಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಯಾವ ಚಾರ್ಜರಿಗೂ ಅದು ಬಗ್ಗುವುದಿಲ್ಲ. ತಟ್ಟೆಯ ಅಷ್ಟು ಭಾಗ ಸತ್ತಂತೆಯೇ.

ಹೀಗಾಗಿ ಸೀಸದ ಬ್ಯಾಟರಿಗೆ ಹೊಟ್ಟೆ ತುಂಬಿಸಿಯೇ ನಿದ್ದೆ ಮಾಡಿಸಬೇಕು. ಕೊನೆಯ ಸಲ ಎಣ್ಣೆ ಹೊಡೆದು ಬಂದ ದಿನ, “ಇನ್ನು ಮುಂದಿನ ವರ್ಷ ನೋಡೋಣ” ಎಂದು ಅರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೇ ಎತ್ತಿಡುತ್ತಾರಲ್ಲ, ಅದೇ ಅದರ ಮರಣಪತ್ರ. ಅಂದೇ ಪೂರ್ತಿ ಚಾರ್ಜ್ ಮಾಡಿ, ಪಂಪಿನ ಸ್ವಿಚ್ಚು ಬಂದ್ ಮಾಡಿ, ಸಾಧ್ಯವಾದರೆ ವೈರು ಕಳಚಿ ಇಡಬೇಕು. ಸುಮ್ಮನೆ ಕೂತರೂ ಅದು ತಾನಾಗಿ ಸೋರುತ್ತದೆ. ತಂಪು ಜಾಗದಲ್ಲಿ ತಿಂಗಳಿಗೆ ನೂರಕ್ಕೆ ಮೂರರಿಂದ ಐದು ಪಾಲು. ಶಾಖ ಹತ್ತು ಡಿಗ್ರಿ ಏರಿದಂತೆಲ್ಲ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ನಮ್ಮ ಬೇಸಗೆಗೆ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುವುದು ಅತಿಯೇನಲ್ಲ. ಮಲ್ಟಿಮೀಟರ್ ಇರುವ ಮೆಕ್ಯಾನಿಕ್ ಊರಲ್ಲಿದ್ದರೆ ಕೆಲಸ ಇನ್ನೂ ಸುಲಭ. ಚಾರ್ಜರ್ ತೆಗೆದು ಕೆಲವು ತಾಸು ಬಿಟ್ಟ ಮೇಲೆ 12.7 ವೋಲ್ಟಿನ ಆಸುಪಾಸು ತೋರಿದರೆ ತುಂಬಿದೆ; 12.2ಕ್ಕೆ ಅರ್ಧ ಮುಗಿದಿದೆ. 12ಕ್ಕಿಂತ ಕೆಳಗೆ ಬಹಳ ದಿನ ಬಿಟ್ಟರೆ ಹರಳು ಕಟ್ಟುವುದು ಖಚಿತ.

ಈ ಪಾಠ ಕಲಿತ ಅಣ್ಣ ತಮ್ಮನ ಡ್ರಿಲ್ಲಿಗೂ ಅದನ್ನೇ ಹೇಳಿದರೆ ಅಲ್ಲಿ ಕೆಲಸ ಕೆಡುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ಸೋನಿ ಕಂಪನಿ, 1991ರಲ್ಲಿ. ಅದರ ಹಿಂದಿನ ಸಂಶೋಧನೆಗೆ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್, ಅಕಿರಾ ಯೋಶಿನೊ 2019ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಮಿಲ್ವಾಕಿ, ಮಕಿಟಾದಂಥ ಕಂಪನಿಗಳು ಇದನ್ನು ದೊಡ್ಡ ಕೈಯಂತ್ರಗಳಿಗೆ ಅಳವಡಿಸಿದ್ದು 2005ರ ಸುಮಾರಿಗೆ. ಇಲ್ಲಿ ಸಲ್ಫೇಟೂ ಇಲ್ಲ, ಹರಳೂ ಇಲ್ಲ. ಆದರೆ ತುಂಬಿದ ಹೊಟ್ಟೆಯೇ ಇದಕ್ಕೆ ಹಿಂಸೆ. ಒಂದು ಸೆಲ್ 4.2 ವೋಲ್ಟಿಗೆ ಏರಿ ನಿಂತಾಗ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತ ಹೋಗುತ್ತದೆ. ಕೆಲಸಕ್ಕೆ ಹೊರಡುವ ಮುಂಜಾನೆ ಪೂರ್ತಿ ತುಂಬಿಸುವುದು ತಪ್ಪಲ್ಲ. ತುಂಬಿಸಿ ತಿಂಗಳುಗಟ್ಟಲೆ ಇಡುವುದು ತಪ್ಪು. ಬಿಡುವಿನ ಕಾಲಕ್ಕೆ ಪ್ಯಾಕಿನ ಮೇಲಿನ ನಾಲ್ಕು ದೀಪಗಳಲ್ಲಿ ಎರಡು ಉರಿಯುವಷ್ಟು ಇಟ್ಟರೆ ಸಾಕು.

ಹಾಗೆಂದು ಬರಿದು ಮಾಡಿ ಇಡುವುದೂ ಅಪಾಯವೇ. ಪ್ಯಾಕಿನೊಳಗಿನ ರಕ್ಷಣಾ ಸರ್ಕ್ಯೂಟ್ ತನ್ನ ಪಾಡಿಗೆ ಹನಿಹನಿಯಾಗಿ ಕರೆಂಟ್ ಕುಡಿಯುತ್ತಿರುತ್ತದೆ. ಸೆಲ್ಲಿನ ವೋಲ್ಟೇಜ್ ತೀರ ಕುಸಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಪ್ಯಾಕಿಗೆ ಮತ್ತೆ ಬಲವಂತವಾಗಿ ಚಾರ್ಜ್ ತುಂಬಿದರೆ ಒಳಗೇ ಶಾರ್ಟ್ ಆಗುವ ಭಯ. ಚಾರ್ಜರ್ ಕೆಂಪು ದೀಪ ಮಿನುಗಿಸಿ ಒಲ್ಲೆ ಎನ್ನುವುದು ಆ ಕಾರಣಕ್ಕೆ. ಅದಕ್ಕೆ ಬೇರೆ ಬ್ಯಾಟರಿಯಿಂದ ನೇರ ವೈರು ಕೊಟ್ಟು ‘ಎಬ್ಬಿಸುವ’ ಜಾಣತನವನ್ನು ಮೊಬೈಲಿನ ವಿಡಿಯೊಗಳು ಧಾರಾಳವಾಗಿ ಕಲಿಸುತ್ತವೆ. ಕಲಿಸಿದವನ ಮನೆ ಬೇರೆ, ಸುಡುವ ಮನೆ ಬೇರೆ. ಮಕಿಟಾದ ಕೈಪಿಡಿ ಆರು ತಿಂಗಳಿಗೂ ಹೆಚ್ಚು ಕಾಲ ಬಳಸದ ಪ್ಯಾಕನ್ನು ಒಮ್ಮೆ ಚಾರ್ಜ್ ಮಾಡಿ ಎನ್ನುತ್ತದೆ. ಮೂರು ತಿಂಗಳಿಗೊಮ್ಮೆ ದೀಪ ನೋಡಿ, ಒಂದಕ್ಕಿಳಿದಿದ್ದರೆ ಎರಡಕ್ಕೇರಿಸುವುದು ಅದಕ್ಕಿಂತ ವಾಸಿ.

“ಪೂರ್ತಿ ಖಾಲಿ ಮಾಡಿ ಆಮ್ಯಾಲೆ ಚಾರ್ಜಿಗಿ ಹಾಕ್ಬೇಕು” ಎನ್ನುವ ಮಾತು ಇನ್ನೂ ಹಲವರ ಬಾಯಲ್ಲಿದೆ. ಅದು ಮೂರನೆಯ ಜಾತಿಯ ಬ್ಯಾಟರಿಗೆ, ಅಂದರೆ ನಿಕ್ಕಲ್ ಕ್ಯಾಡ್ಮಿಯಂಗೆ ಸಂಬಂಧಿಸಿದ್ದು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ಅದು ದಶಕಗಳ ಕಾಲ ಕಾರ್ಡ್‌ಲೆಸ್ ಯಂತ್ರಗಳನ್ನು ಓಡಿಸಿತು. ಅರ್ಧಂಬರ್ಧ ಬಳಸಿ ಪದೇಪದೇ ಚಾರ್ಜ್ ಮಾಡಿದರೆ ಅದು ಮಂಕಾಗುತ್ತಿತ್ತು ನಿಜ. ಬ್ಯಾಟರಿ ಹೋಯಿತು, ಮಾತು ಉಳಿಯಿತು. ಇವತ್ತಿನ ಸೀಸಕ್ಕೂ ಲಿಥಿಯಂಗೂ ಆ ಉಪದೇಶ ಸಮನಾಗಿ ಹಾನಿಕರ.

ಇನ್ನು ಬಿಸಿಲು. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಸಾಮಾನ್ಯ ಸಂಗತಿ. ತಗಡಿನ ಶೆಡ್ಡಿನೊಳಗೆ, ಬಿಸಿಲಿಗೆ ನಿಲ್ಲಿಸಿದ ಟಂಟಂ ಅಥವಾ ಕಾರಿನ ಡಿಕ್ಕಿಯಲ್ಲಿ ಇದು ಐವತ್ತು ದಾಟುತ್ತದೆ. ಲಿಥಿಯಂ ಪ್ಯಾಕನ್ನು 50 ಡಿಗ್ರಿ ತಲುಪುವ ಜಾಗದಲ್ಲಿ ಇಡಬೇಡಿ, 10ರಿಂದ 40 ಡಿಗ್ರಿಯೊಳಗೆ ಚಾರ್ಜ್ ಮಾಡಿ ಎಂದು ಕೈಪಿಡಿಗಳು ಹೇಳುತ್ತವೆ. ಬರೆದವರು ಬಹುಶಃ ವಾಡಿ ಸ್ಟೇಷನ್ನಿನಲ್ಲಿ ಮೇ ತಿಂಗಳ ಮಧ್ಯಾಹ್ನ ಇಳಿದವರಲ್ಲ. ಬ್ಯಾಟರಿ ತಂತ್ರಜ್ಞರು ಉಲ್ಲೇಖಿಸುವ ಒಂದು ಅಂದಾಜು ಹೀಗಿದೆ: ಲಿಥಿಯಂ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಚಾರ್ಜಿನಲ್ಲಿ ಒಂದು ವರ್ಷ ಇಟ್ಟರೆ ಅದರ ಶಕ್ತಿ ನೂರಕ್ಕೆ 96ರಷ್ಟು ಉಳಿಯುತ್ತದೆ. ಅದನ್ನೇ 40 ಡಿಗ್ರಿಯಲ್ಲಿ ಪೂರ್ತಿ ತುಂಬಿಸಿ ಇಟ್ಟರೆ ಉಳಿಯುವುದು 65 ಮಾತ್ರ. ಒಂದೂ ಮೊಳೆ ಹೊಡೆಯದೆ, ಒಂದೂ ತೂತು ಕೊರೆಯದೆ ಮೂರನೇ ಒಂದು ಭಾಗ ಮಾಯ. ಸೀಸದ ಬ್ಯಾಟರಿಗೂ ಕರುಣೆಯಿಲ್ಲ. ಶಾಖ ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ.

ಅದೃಷ್ಟಕ್ಕೆ ಪರಿಹಾರವೂ ಈ ನೆಲದಲ್ಲೇ ಇದೆ. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಪರಸಿ ಹಾಸು ಇರುವ ಹಳೆಯ ಮನೆಗಳ ಒಳಕೋಣೆ ಮೇ ತಿಂಗಳಲ್ಲೂ ಹೊರಗಿಗಿಂತ ಎಷ್ಟೋ ತಂಪು. ಕಾಳಿನ ಚೀಲ ಇಡುವ ಕೋಣೆಯಲ್ಲಿ, ಚೀಲಗಳಿಂದ ದೂರ, ನೆಲಕ್ಕೆ ಹತ್ತಿರ ಒಂದು ಗೂಡು ಬ್ಯಾಟರಿಗೆ ಸಾಕು. ಆರ್‌ಸಿಸಿ ಮನೆಯಾದರೆ ಕೆಳಮಹಡಿಯ ಉತ್ತರದ ಗೋಡೆಯ ಬದಿ. ಚಾರ್ಜಿಗೆ ಹೊತ್ತೂ ಮುಖ್ಯ. ಬೇಸಗೆಯಲ್ಲಿ ಬೆಳಗಿನ ಜಾವ ಎದ್ದು ಹಾಕುವುದೇ ಲೇಸು. ಕೆಲಸದಿಂದ ಬಿಸಿಯಾಗಿ ಬಂದ ಲಿಥಿಯಂ ಪ್ಯಾಕನ್ನು ಕೈಗೆ ತಣ್ಣಗಾಗುವವರೆಗೆ ಚಾರ್ಜರಿಗೆ ಕೂರಿಸಬಾರದು. ತಣ್ಣಗಾಗಲೆಂದು ನೀರಿನಲ್ಲಿ ಅದ್ದುವುದೂ ಬೇಡ, ಫ್ರಿಜ್ಜಿನಲ್ಲಿ ಇಡುವುದೂ ಬೇಡ. ತೇವ ಒಳಗೆ ಕೂತರೆ ಸರ್ಕ್ಯೂಟ್ ತುಕ್ಕು ಹಿಡಿಯುತ್ತದೆ.

ಈ ಭಾಗದ ಮನೆಗಳಲ್ಲಿ ನಿಜಕ್ಕೂ ಹೆದರಬೇಕಾದದ್ದು ಚಾರ್ಜರುಗಳ ಅದಲುಬದಲು. ಈಚೆಗೆ ಪಂಪುಗಳಿಗೂ ಲಿಥಿಯಂ ಬಂದಿದೆ. ಬೆನ್ನ ಮೇಲಿನ ಭಾರ ಕಡಿಮೆಯಾಗುವುದರಿಂದ ಬೇಡಿಕೆಯೂ ಇದೆ. ಹಳೆಯ ಸೀಸದ ಬ್ಯಾಟರಿಯ ಮೇಲೂ 12 ವೋಲ್ಟ್ ಎಂದಿರುತ್ತದೆ, ಹೊಸ ಲಿಥಿಯಂ ಮೇಲೂ 12 ವೋಲ್ಟ್. ಚಾರ್ಜರಿನ ಗುಂಡನೆಯ ಪಿನ್ನು ಎರಡಕ್ಕೂ ಕೂರುವುದುಂಟು. ಸೀಸದ ಚಾರ್ಜರ್ 14.4 ವೋಲ್ಟಿನವರೆಗೂ ತಳ್ಳುತ್ತದೆ. ಮೂರು ಸೆಲ್ಲಿನ ಲಿಥಿಯಂ ಪ್ಯಾಕಿನ ಮಿತಿ 12.6. ಅಂದರೆ 4.2ಕ್ಕೆ ನಿಲ್ಲಬೇಕಾದ ಪ್ರತಿ ಸೆಲ್ಲಿನ ಮೇಲೆ 4.8 ವೋಲ್ಟಿನ ಒತ್ತಡ. ಆಗ ಬೆಂಕಿಗೂ ಮನೆಗೂ ನಡುವೆ ಉಳಿಯುವುದು ಪ್ಯಾಕಿನೊಳಗಿನ ಒಂದು ಸಣ್ಣ ರಕ್ಷಣಾ ಸರ್ಕ್ಯೂಟ್. ಅಗ್ಗದ ಪ್ಯಾಕುಗಳಲ್ಲಿ ಅದೂ ಇರುವ ಭರವಸೆಯಿಲ್ಲ. ಹೊಸ ಪಂಪ್ ಬಿಚ್ಚಿದ ದಿನವೇ ಚಾರ್ಜರಿನ ಬೆನ್ನಿಗೆ ಬಣ್ಣದ ಟೇಪು ಸುತ್ತಿ, ಅದರ ಬ್ಯಾಟರಿಗೂ ಅದೇ ಬಣ್ಣ ಸುತ್ತಿದರೆ ಓದು ಬಾರದವರೂ ತಪ್ಪುವುದಿಲ್ಲ. ಪಂಪನ್ನು ಅಡುಗೆಮನೆಯಲ್ಲಿ, ಮಕ್ಕಳು ಮಲಗುವ ಕಡೆ ಚಾರ್ಜಿಗೆ ಹಾಕುವ ರೂಢಿಯನ್ನಂತೂ ಬಿಡಲೇಬೇಕು. ಬ್ಯಾಟರಿಯ ಮಾತು ಹಾಗಿರಲಿ, ಟಾಕಿಯ ತಳದಲ್ಲಿ ಉಳಿದಿರುವುದು ಕೀಟನಾಶಕ.

ಕಲ್ಲಿನ ಕೆಲಸದವರ ಕಷ್ಟ ಬೇರೆ ಥರದ್ದು. ಭೀಮಾ ಕೊಳ್ಳದ ಸುಣ್ಣಕಲ್ಲು ಪದರು ಪದರಾಗಿ ಏಳುತ್ತದೆ, ಅದಕ್ಕೇ ಪರಸಿಗೆ ಒಳ್ಳೆಯದು. ಆದರೆ ಕತ್ತರಿಸಲು ಗ್ರೈಂಡರಿಗೆ ಒಂದೇಸಮನೆ ಬಲ ಬೇಕು. 18 ವೋಲ್ಟಿನ ಯಂತ್ರ 600 ವ್ಯಾಟ್ ಎಳೆದರೆ ಬ್ಯಾಟರಿಯಿಂದ ಹರಿಯುವುದು 33 ಆಂಪಿಯರ್. ಚಿಕ್ಕ ಪ್ಯಾಕಿನಲ್ಲಿ ಐದು ಸೆಲ್ ಸಾಲಾಗಿರುತ್ತವೆ, ಪ್ರತಿ ಸೆಲ್ಲೂ ಆ 33ನ್ನೂ ಹೊರಬೇಕು. ಹತ್ತು ಸೆಲ್ಲಿನ ದೊಡ್ಡ ಪ್ಯಾಕಿನಲ್ಲಿ ಜೋಡಿಗಳು ಭಾರ ಹಂಚಿಕೊಳ್ಳುತ್ತವೆ. ಒಂದೊಂದು ಸೆಲ್ಲಿಗೆ ಅರ್ಧ ಕರೆಂಟ್ ಬಂದರೆ ಅದರಲ್ಲಿ ಹುಟ್ಟುವ ಬಿಸಿ ಅರ್ಧವಲ್ಲ, ಕಾಲು ಭಾಗ. ಸ್ಕ್ರೂ ಬಿಗಿಯುವ ಪುಟ್ಟ ಪ್ಯಾಕನ್ನು ಗ್ರೈಂಡರಿಗೆ ಸಿಕ್ಕಿಸಿ ಪರಸಿ ಕತ್ತರಿಸುವವರು ಎರಡು ಹಂಗಾಮಿನಲ್ಲಿ ಅದನ್ನು ಮುಗಿಸುತ್ತಾರೆ. ಮಧ್ಯೆ ಯಂತ್ರ ತಾನಾಗಿ ನಿಂತರೆ ಅದು ಬಿಸಿಯ ಎಚ್ಚರಿಕೆ. ಗುಂಡಿ ಮತ್ತೆ ಮತ್ತೆ ಒತ್ತಿ ಓಡಿಸುವುದು ಆ ಎಚ್ಚರಿಕೆಗೆ ಕಿವುಡಾದಂತೆ. ದಿನವಿಡೀ ಕತ್ತರಿಸುವ ಕೆಲಸವಿದ್ದು ಹತ್ತಿರ ಕರೆಂಟಿದ್ದರೆ ವೈರಿನ ಕಟರೇ ಮೇಲು. ಕಾರ್ಡ್‌ಲೆಸ್ ಎಂಬುದು ಎಲ್ಲ ಕಡೆ ತೋರಿಸಬೇಕಾದ ಪ್ರತಿಷ್ಠೆಯೇನಲ್ಲ.

    

ಕಲ್ಲಿನ ಹಸಿ ರಾಡಿ ಪ್ಯಾಕಿನ ಲೋಹದ ತುದಿಗಳ ನಡುವೆ ಕೂತರೆ ಸಂಪರ್ಕ ಸಡಿಲಾಗಿ ಅಲ್ಲೇ ಕಾಯುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಕು, ಪೆಟ್ರೋಲು, ಥಿನ್ನರ್ ಬೇಡ. ಫ್ಯಾನಿರುವ ಚಾರ್ಜರುಗಳು ದೂಳನ್ನೂ ಉಸಿರಾಡುತ್ತವೆ; ಕತ್ತರಿಸುವ ಜಾಗದಿಂದ ದೂರವೇ ಅವುಗಳ ಸ್ಥಾನ. ಬಿಡಿ ಪ್ಯಾಕನ್ನು ಮೊಳೆ, ಬೈಂಡಿಂಗ್ ವೈರು, ಡ್ರಿಲ್ ಬಿಟ್ಟುಗಳ ಚೀಲಕ್ಕೆ ಹಾಗೇ ಎಸೆಯುವವರು ಬಹಳ. ಒಂದು ಮೊಳೆ ಎರಡು ತುದಿಗಳಿಗೆ ಅಡ್ಡಬಿದ್ದರೆ ಚೀಲಕ್ಕೆ ಬೆಂಕಿ ಹೊತ್ತಬಹುದು. ಪ್ಯಾಕಿನೊಂದಿಗೆ ಬರುವ ಪ್ಲಾಸ್ಟಿಕ್ ಮುಚ್ಚಳ ಕಸವಲ್ಲ. ಕೆಲಸ ಹುಡುಕಿ ಪುಣೆ, ಮುಂಬೈ, ಬೆಂಗಳೂರಿಗೆ ಹೊರಡುವವರು ಯಂತ್ರದಿಂದ ಪ್ಯಾಕ್ ಕಳಚಿ, ಮುಚ್ಚಳ ಹಾಕಿ, ಬಟ್ಟೆಯಲ್ಲಿ ಸುತ್ತಿಕೊಳ್ಳಬೇಕು. ವಿಮಾನ ಹತ್ತುವವರಿಗೆ ಇನ್ನೊಂದು ನಿಯಮ: ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಬರುತ್ತದೆ. ಅದು 100 ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು. 18 ವೋಲ್ಟ್, 5 ಆಂಪಿಯರ್ ಅವರ್ ಪ್ಯಾಕು 90ಕ್ಕೆ ನಿಲ್ಲುತ್ತದೆ.

ಕೊಳ್ಳುವಾಗಲೂ ಈ ಗುಣಾಕಾರ ಕೈಹಿಡಿಯುತ್ತದೆ. ಮಾರುಕಟ್ಟೆಯಲ್ಲಿ 48 ವೋಲ್ಟ್, 88 ವೋಲ್ಟ್, 128 ವೋಲ್ಟ್ ಎಂದು ಅಚ್ಚೊತ್ತಿದ ಅಗ್ಗದ ಡ್ರಿಲ್ಲುಗಳು ಸಿಗುತ್ತವೆ. ಅವುಗಳ ಪ್ಯಾಕ್ ಬಿಚ್ಚಿದರೆ ಅದೇ ಐದು ಸೆಲ್ಲುಗಳಿರುವುದೇ ಹೆಚ್ಚು. ಒಂದಕ್ಕೆ 3.6ರಂತೆ 18 ವೋಲ್ಟ್, ಪೂರ್ತಿ ತುಂಬಿದಾಗ 21. ಅದಕ್ಕಿಂತ ಹೆಚ್ಚಿನದೆಲ್ಲ ಶಾಯಿಯ ಶಕ್ತಿ. ಈ ಕೈಯಂತ್ರಗಳಲ್ಲಿ ಬಹುವಾಗಿ ಬಳಸುವ 18650 ಸೆಲ್ 18 ಮಿಲಿಮೀಟರ್ ದಪ್ಪ, 65 ಉದ್ದ, ತೂಕ 45 ಗ್ರಾಂ ಸುಮಾರು. ಒಂದರ ಸಾಮರ್ಥ್ಯ 3.5 ಆಂಪಿಯರ್ ಅವರ್ ಸಮೀಪಿಸಿದರೆ ಅದೇ ದೊಡ್ಡದು. ಅಂಥ ಐದೇ ಸೆಲ್ಲಿನ ಹಗುರ ಪ್ಯಾಕು 6 ಆಂಪಿಯರ್ ಅವರ್ ಎಂದು ಹೇಳಿಕೊಂಡರೆ ತಕ್ಕಡಿಯೇ ಸುಳ್ಳನ್ನು ಹೇಳಿಬಿಡುತ್ತದೆ. ಲಿಥಿಯಂ ಬ್ಯಾಟರಿಗಳ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಎಂಬ ಮಾನದಂಡವಿದೆ. ಆ ಗುರುತು, ನೋಂದಣಿ ಸಂಖ್ಯೆ ಇದೆಯೇ ಎಂದು ಡಬ್ಬಿ ತಿರುಗಿಸಿ ನೋಡಲು ದುಡ್ಡು ಬೀಳುವುದಿಲ್ಲ.

ಹಾಗೆಯೇ ‘ಸೆಲ್ ಬದಲಿಸಿ ಕೊಡುತ್ತೇವೆ’ ಎನ್ನುವ ಅಂಗಡಿಗಳು. ಒಳ್ಳೆಯ ಕೈಯವರೂ ಇದ್ದಾರೆ. ಅವರು ಒಂದೇ ತಯಾರಿಯ ಹೊಸ ಸೆಲ್ಲುಗಳನ್ನು ಸ್ಪಾಟ್ ವೆಲ್ಡ್ ಮಾಡಿ ಜೋಡಿಸುತ್ತಾರೆ, ರಕ್ಷಣಾ ಸರ್ಕ್ಯೂಟ್ ಮುಟ್ಟುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳನ್ನು ಬೆಸುಗೆ ಕಡ್ಡಿಯಿಂದ ಕಾಯಿಸಿ ಅಂಟಿಸುವವರೂ ಇದ್ದಾರೆ. ಸಾಲಿನಲ್ಲಿ ಒಂದು ಸೆಲ್ ದುರ್ಬಲವಾಗಿದ್ದರೆ ಉಳಿದವು ಅದನ್ನು ಪ್ರತಿ ಸಲವೂ ತೀರ ಬರಿದು ಮಾಡುತ್ತವೆ. ಕೊನೆಗೆ ಕೈಕೊಡುವುದು ಅದೇ.

ಲಿಥಿಯಂ ಬೆಂಕಿ ಎಂಥದು ಎಂಬುದಕ್ಕೆ ದೂರ ನೋಡಬೇಕಿಲ್ಲ. 1874ರಿಂದ ವಾಡಿಯನ್ನು ಸಿಕಂದರಾಬಾದಿಗೆ ಬೆಸೆದಿರುವ ರೈಲು ಚಿತ್ತಾಪುರ, ಸೇಡಂ ಮೇಲೆಯೇ ಹಾದುಹೋಗುತ್ತದೆ. ಆ ಸಿಕಂದರಾಬಾದಿನಲ್ಲಿ 2022ರ ಸೆಪ್ಟೆಂಬರ್ 12ರ ರಾತ್ರಿ ಕೆಳಗಿದ್ದ ವಿದ್ಯುತ್ ಸ್ಕೂಟರ್ ಷೋರೂಮಿಗೆ ಹತ್ತಿದ ಬೆಂಕಿಯ ಹೊಗೆ ಮೇಲಿನ ಲಾಡ್ಜ್ ತುಂಬಿ ಎಂಟು ಜನ ಸತ್ತರು. ಸ್ಕೂಟರಿನ ಬ್ಯಾಟರಿಗೆ ಹೋಲಿಸಿದರೆ ಡ್ರಿಲ್ಲಿನದು ತೀರ ಚಿಕ್ಕದು, ಆದರೆ ಕುಲ ಒಂದೇ. ಒಂದು ಸೆಲ್ ಹದ ತಪ್ಪಿ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ. ಹೊರಬರುವ ಹೊಗೆ ವಿಷ. ಉಬ್ಬಿದ, ಬಿರುಕು ಬಿಟ್ಟ, ಎತ್ತರದಿಂದ ಬಿದ್ದ, ಸಿಹಿ ವಾಸನೆ ಬರುವ ಪ್ಯಾಕನ್ನು ಚಾರ್ಜಿಗೆ ಹಾಕದೆ ಮನೆಯ ಹೊರಗೆ ಕಲ್ಲಿನ ಮೇಲೆ ಒಂಟಿಯಾಗಿ ಇಡಬೇಕು. ಹೊತ್ತಿಕೊಂಡರೆ ಮೊದಲು ಜನ ಆಚೆ ಬರಬೇಕು, ಚಾರ್ಜರಿನ ಮೇನ್ ಸ್ವಿಚ್ ಆಫ್ ಆಗಬೇಕು. ಆಮೇಲೆ ದೂರದಿಂದ ಧಾರಾಳ ನೀರು. ಒಂದು ಚೊಂಬಿನಿಂದ ಆಗುವ ಕೆಲಸವಲ್ಲ, ಸೆಲ್ಲುಗಳು ತಣ್ಣಗಾಗುವವರೆಗೆ ಸುರಿಯಬೇಕು. ಆರಿದಂತೆ ಕಂಡದ್ದು ತಾಸುಗಳ ನಂತರ ಮತ್ತೆ ಹೊತ್ತುವುದುಂಟು. ಸೀಸದ ಬ್ಯಾಟರಿಯ ಅಪಾಯ ಆಮ್ಲದ್ದು. ಕಣ್ಣಿಗೆ, ಚರ್ಮಕ್ಕೆ ಸಿಡಿದರೆ ಕಾಲು ಗಂಟೆಯಾದರೂ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಸತ್ತ ಬ್ಯಾಟರಿಗಳ ದಾರಿಯೂ ಎರಡು. ಸೀಸಕ್ಕೆ ಗುಜರಿಯಲ್ಲಿ ಬೆಲೆಯಿದೆ, ಅಂಗಡಿಯವರು ಹಳೆಯದನ್ನು ಪಡೆದು ಹೊಸದರಲ್ಲಿ ಒಂದಿಷ್ಟು ಕಳೆಯುತ್ತಾರೆ, ಹೀಗಾಗಿ ಅದು ಬೀದಿಗೆ ಬೀಳುವುದು ಕಡಿಮೆ. ಊರಲ್ಲೇ ಒಡೆದು ಸೀಸ ಕರಗಿಸುವವರ ಕೈಗೆ ಮಾತ್ರ ಕೊಡಬಾರದು, ಆ ಹೊಗೆ ಮಕ್ಕಳ ಮಿದುಳಿಗೆ ಹೋಗುತ್ತದೆ. ಲಿಥಿಯಂಗೆ ಅಂಥ ಗಿರಾಕಿಯಿಲ್ಲ. ವಿಚಿತ್ರವೆಂದರೆ ಅದೇ ಲೋಹಕ್ಕಾಗಿ ಮಂಡ್ಯದ ಮಾರ್ಲಗಲ್ಲದಲ್ಲಿ ನೆಲ ಶೋಧಿಸಿ, 1,600 ಟನ್ ಇದೆಯೆಂದು ಸರ್ಕಾರ ಪ್ರಕಟಿಸಿದೆ. ಇತ್ತ ಬಳಸಿ ಮುಗಿದದ್ದು ತಿಪ್ಪೆ ಸೇರುತ್ತಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬ್ಯಾಟರಿ ತಯಾರಿಸಿದವರು, ಆಮದು ಮಾಡಿದವರೇ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕೆಂದು ಹೇಳುತ್ತವೆ. ಪ್ಯಾಕಿನ ಮೇಲಿರುವ, ಕಸದ ಡಬ್ಬಿಗೆ ಗೀಟು ಹೊಡೆದ ಚಿತ್ರದ ಅರ್ಥವೂ ಮನೆಯ ಕಸಕ್ಕೆ ಹಾಕಬೇಡಿ ಎಂದೇ. ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪು ಸುತ್ತಿ, ಬಿಸಿಲು ತಾಗದ ಕಡೆ ಬೇರೆಯಾಗಿಟ್ಟು, ಮುಂದಿನ ಸಲ ಸಾಮಾನಿಗೆಂದು ಕಲಬುರಗಿಗೆ ಹೋಗುವಾಗ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಬಹುದು. ತೆಗೆದುಕೊಳ್ಳಲು ಹಿಂಜರಿದರೆ ಈ ನಿಯಮದ ಹೆಸರು ಹೇಳಿ ಕೇಳಬಹುದು.